ಕಾಸ್ ಫೈ ಸರ್ ಮತ್ತು ಹೋಗದ ಬೀಗರು

ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ, ಅವರು ಪವರ್ ಫ್ಯಾಕ್ಟರನ್ನು ಬಹಳ ಚೆನ್ನಾಗಿ ಕಲಿಸುತ್ತಿದ್ದರು ಎಂದರು. ಪ್ರಿನ್ಸಿಪಾಲರು ಎಂದರು, ಹಳೆಯ ವಿದ್ಯಾರ್ಥಿಗಳು ಎಂದರು, ಲ್ಯಾಬಿನ ಅಟೆಂಡರ್ ಕೂಡ ಕಣ್ಣೊರೆಸಿಕೊಂಡು ಅದನ್ನೇ ಹೇಳಿದ. ಸಭೆ ಮುಗಿದು ಚಹಾ ಬಂದಾಗ ನಾನು ಸುಮ್ಮನಿರಲಾರದೆ, “ಹಂಗಂದ್ರ ಏನ್ರೀ ಅದು?” ಎಂದು ಕೇಳಿದೆ. ಒಬ್ಬರು ಅದು ಮೀಟರಿನಲ್ಲಿ ಬರುತ್ತದೆ ಎಂದರು. ಇನ್ನೊಬ್ಬರು ಅದು ಕಡಿಮೆಯಾದರೆ ದಂಡ ಬೀಳುತ್ತದೆ ಎಂದರು. ಮೂರನೆಯವರು ಈಗ ಸ್ವತಃ ಇಲೆಕ್ಟ್ರಿಕಲ್ ಕಂತ್ರಾಟುದಾರರು. “ಸರ್ ಇದ್ದಾಗ ಕೇಳಬೇಕಿತ್ತಲ್ರೀ ನೀವು, ಈಗ ಕೇಳಿದ್ರ?” ಎಂದು ನನ್ನನ್ನೇ ಗದರಿಸಿದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಶಿಷ್ಯರೆಲ್ಲ “ನಮಗ ತಿಳಿದಿತ್ತು” ಎಂದು ಜಗಳಕ್ಕೆ ಬರುತ್ತಾರೆ, ಬಂದವರಿಗೆ ಚಹಾ ಮಾಡುವವರು ಯಾರು? ರಾಣೆಬೆನ್ನೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಅವರು ಇಲೆಕ್ಟ್ರಿಕಲ್ ವಿಭಾಗದ ಲೆಕ್ಚರರ್, ನಾನು ಇಂಗ್ಲಿಷ್ ಕಲಿಸುವವನು. ಇಬ್ಬರ ಮನೆಯೂ ಹಾವೇರಿಯಲ್ಲಿ. ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳಲ್ಲಿ, ಹೆದ್ದಾರಿಯನ್ನು ಅಗಲ ಮಾಡುತ್ತೇವೆಂದು ಎಲ್ಲರ ಮೂಗಿಗೂ ಧೂಳು ತುಂಬಿದ ಕಾಲದಲ್ಲಿ, ನಾವಿಬ್ಬರೂ ದಿನಾ ಒಂದೇ ಬಸ್ಸಿನಲ್ಲಿ ಓಡಾಡಿದೆವು. ಪವರ್ ಫ್ಯಾಕ್ಟರನ್ನು ಸೂತ್ರದಲ್ಲಿ ಕಾಸ್ ಫೈ ಎಂದು ಬರೆಯುತ್ತಾರಂತೆ, ಹೀಗಾಗಿ ಹುಡುಗರು ಅವರಿಗೆ ಇಟ್ಟ ಹೆಸರು ಕಾಸ್ ಫೈ ಸರ್. ಅದು ಅವರಿಗೆ ಗೊತ್ತಿತ್ತು, ಬೇಸರವೂ ಇರಲಿಲ್ಲ.

ಎಲ್ಲರೂ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡರೆ ಅವರು ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದರು. ಹೊಸ ಮನೆಗೆ ಹೋದರೆ ಮೊದಲು ಮಾತಾಡಿಸುವುದು ಸ್ವಿಚ್ ಬೋರ್ಡನ್ನು, ಆಮೇಲೆ ಮನೆಯವರನ್ನು. ಅಷ್ಟರಲ್ಲಿ ನೀರಿನ ತಂಬಿಗೆ ಹಿಡಿದು ನಿಂತ ಮನೆಯೊಡತಿ ಕಂಗಾಲಾಗಿರುತ್ತಿದ್ದರು. ಇವೆಲ್ಲ ಸಣ್ಣ ಹುಚ್ಚು. ದೊಡ್ಡದು ಬೇರೆ ಇತ್ತು. ಇಷ್ಟು ವರ್ಷದ ನೌಕರಿಯಲ್ಲಿ ತನ್ನಿಂದ ಒಬ್ಬರಿಗೂ ಪವರ್ ಫ್ಯಾಕ್ಟರ್ ತಿಳಿದಿಲ್ಲ, ಹುಡುಗರು ಬಾಯಿಪಾಠ ಮಾಡಿ ಪಾಸಾಗುತ್ತಾರೆ ಅಷ್ಟೆ ಎಂಬುದು ಅವರ ಗಟ್ಟಿ ನಂಬಿಕೆ. ನಿವೃತ್ತಿ ಹತ್ತಿರ ಬಂದಂತೆ ಅದು ಅವರನ್ನು ತಿನ್ನತೊಡಗಿತ್ತು. “ರಿಟೈರ್ ಆಗೋದರಾಗ ಒಬ್ಬರಿಗೆ ತಿಳಿಬೇಕ್ರೀ ಇಂಗ್ಲಿಷ್ ಸರ್,” ಎನ್ನುತ್ತಿದ್ದರು. “ಒಬ್ಬರಿಗೆ ಸಾಕು. ಹೆಚ್ಚಿಗಿ ಕೇಳಂಗಿಲ್ಲ ನಾ.”

ಬೆಳಗಿನ ಬಸ್ಸಿನಲ್ಲಿ ಪೇಪರ್ ಓದುವುದು ನನ್ನ ಜೀವನದ ಒಂದೇ ಒಂದು ಸುಖವಾಗಿತ್ತು. ಅದನ್ನು ಅವರು ಓದಗೊಡಲಿಲ್ಲ. ಪೇಪರ್ ಬಿಡಿಸಿದೊಡನೆ ಅದರ ಮೇಲೆ ಅವರ ಬಲಗೈ ಏಳುತ್ತಿತ್ತು. “ಇದು ವೋಲ್ಟೇಜು.” ಅದರ ಹಿಂದೆ ತುಸು ತಡವಾಗಿ ಎಡಗೈ. “ಇದು ಕರೆಂಟು. ಎರಡೂ ಕೂಡೇ ಏರಿ ಕೂಡೇ ಇಳಿದ್ರ ಪೂರಾ ಕೆಲಸ. ಇದು ಹಿಂದ ಬಿತ್ತು ಅಂದ್ರ ಒಂದಿಷ್ಟು ಕೆಲಸ, ಒಂದಿಷ್ಟು ಬರೇ ತಿರುಗಾಟ.” ಕೈಗಳು ಏರಿ ಇಳಿದು ಏರಿ ಇಳಿದು ಮೋಟೆಬೆನ್ನೂರು ಬರುವ ಹೊತ್ತಿಗೆ ಮುಂದಿನ ಸೀಟಿನವರು ಎದ್ದು ಹಿಂದೆ ಹೋಗಿರುತ್ತಿದ್ದರು.

ಒಮ್ಮೆ ಬಸ್ಸು ತಪ್ಪಿಸಿಕೊಂಡು ಹಾವೇರಿಯ ಹೊರಗೆ ರಸ್ತೆ ಪಕ್ಕದಲ್ಲಿ ನಿಂತಿದ್ದೆವು. ಹೊತ್ತು ಹೋಗಲೆಂದು ಅವರು ವೋಲ್ಟೇಜು ಕರೆಂಟು ಶುರು ಮಾಡಿದರು. ದಾವಣಗೆರೆಗೆ ಹೊರಟಿದ್ದ ತಡೆರಹಿತ ಬಸ್ಸೊಂದು ಜೋರಾಗಿ ಬ್ರೇಕ್ ಹಾಕಿ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, “ಏನಾತ್ರೀ ಯಜಮಾನ್ರ?” ಎಂದ.

“ನಿನಗೇನು ತಿಳಿತು ಹೇಳಪಾ,” ಎಂದರು ಸರ್, ಆಸೆಯಿಂದ.

“ಬಸ್ ನಿಲ್ಲಿಸು ಅಂತ ತಿಳಿತು.”

“ತಪ್ಪು,” ಎಂದರು. ಆದರೂ ಬಸ್ಸು ಹೇಗೂ ನಿಂತಿತ್ತಲ್ಲ, ನಾವಿಬ್ಬರೂ ಹತ್ತಿದೆವು.

ಸೂತ್ರದಿಂದ ತಿಳಿಯದಿದ್ದರೆ ಹೋಲಿಕೆಯಿಂದ ತಿಳಿದೀತು ಎಂದು ಅವರು ಹೋಲಿಕೆ ಹುಡುಕುತ್ತಿದ್ದರು. ರಾಣೆಬೆನ್ನೂರು ಸ್ಟೇಶನ್ ಕಡೆಯ ಅಂಗಡಿಯಲ್ಲಿ ಗಿರ್ಮಿಟ್ ತಿನ್ನುತ್ತಿದ್ದಾಗ ಕೈಯಲ್ಲಿನ ಪೊಟ್ಟಣವನ್ನು ಮೇಲೆತ್ತಿ ಹಿಡಿದರು. “ನೋಡ್ರಿ, ಪೊಟ್ಟಣ ತುಂಬೇತಿ, ಹೊಟ್ಟಿ ತುಂಬಂಗಿಲ್ಲ. ಮಂಡಕ್ಕಿ ಒಳಗಿಂದು ಬರೇ ಗಾಳಿ.” ಕ್ಷಣ ಬಿಟ್ಟು ಮುಖ ಬಾಡಿತು. “ಊಹೂಂ. ಗಾಳಿ ವಾಪಸ್ ಹೋಗಂಗಿಲ್ಲ. ಕರೆಂಟಿನಂಗ ಬಂದು ವಾಪಸ್ ಹೋಗಬೇಕ್ರೀ ಅದು.” ಅಂಗಡಿಯವನು ಗಾಬರಿಯಾಗಿ ಖಾರ ಕಡಿಮೆ ಆಯಿತೇ ಎಂದು ಕೇಳಿದ. ಬಸ್ಸಿನಲ್ಲಿ ಸೀಟು ಹಿಡಿಯಲು ಕಿಟಕಿಯಿಂದ ಎಸೆದ ಟಾವೆಲ್ಲು ಮುಂದಿನ ಹೋಲಿಕೆಯಾಯಿತು. ಜಾಗ ಹಿಡಿಯುತ್ತದೆ, ಟಿಕೀಟಿಲ್ಲ. ಆದರೆ ಟಾವೆಲ್ಲೂ ತಾನಾಗಿ ವಾಪಸ್ ಹೋಗುವುದಿಲ್ಲವೆಂದು ಕಕ್ಕೋಳ ದಾಟುವುದರೊಳಗೆ ಅದನ್ನೂ ಕೈಬಿಟ್ಟರು.

ಗಂಡ ಮುಂದೆ ಹೆಂಡತಿ ಹಿಂದೆ ನಡೆದು ಹೋಗುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅದು ಸಮಾನತೆಯ ವಿಚಾರವಲ್ಲ, ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುವ ಕೋನದ ವಿಚಾರ. ತಮ್ಮ ಹೆಂಡತಿಯನ್ನು ಪೇಟೆಗೆ ಕರೆದೊಯ್ದರೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಲು ಹಟ ಹಿಡಿಯುತ್ತಿದ್ದರು. ಆ ತಾಯಿ ಒಂದು ದಿನ ನಡುರಸ್ತೆಯಲ್ಲಿ ನಿಂತು, “ನಿಮ್ಮ ಚಪ್ಪಲಿ ಸಪ್ಪಳಕ್ಕ ಹೆಜ್ಜಿ ಹಾಕಾಕ ನಾ ಏನು ಪೊಲೀಸ್ ಪರೇಡಿಗೆ ಬಂದೀನೇನ್ರೀ?” ಎಂದು ಕಾಯಿಪಲ್ಲೆ ಚೀಲವನ್ನು ಅವರ ಕೈಗೇ ಕೊಟ್ಟು ಆಟೋ ಹತ್ತಿದರಂತೆ. ಇದನ್ನು ಅವರೇ ನನಗೆ ಹೇಳಿದ್ದು, ದುಃಖದಿಂದ.

ಹುಡುಗರ ವಿಷಯವಂತೂ ಕೇಳುವುದೇ ಬೇಡ. ಒಬ್ಬ ಕಿರುಪರೀಕ್ಷೆಯಲ್ಲಿ ಬರೆದಿದ್ದ: “ಪವರ್ ಫ್ಯಾಕ್ಟರ್ ಅಂದರೆ ಕಾಸ್ ಫೈ. ಕಾಸ್ ಫೈ ಅಂದರೆ ಪವರ್ ಫ್ಯಾಕ್ಟರ್. ಇದು ನಮ್ಮ ಸರ್‌ಗೆ ಬಹಳ ಇಷ್ಟ.” ಸರ್ ಅದನ್ನು ನನಗೆ ತೋರಿಸಿ, “ಮೂರನೇದು ಒಂದರ ತಿಳದು ಬರದಾನ,” ಎಂದು ಅದಕ್ಕೆ ಮಾರ್ಕ್ಸ್ ಕೊಟ್ಟರು.

ಕೊನೆಗೆ ಹೋಲಿಕೆ ಸಿಕ್ಕಿದ್ದು ಕುಪ್ಪೇಲೂರಿನಲ್ಲಿ, ವಿದ್ಯಾರ್ಥಿಯೊಬ್ಬನ ಅಕ್ಕನ ಮದುವೆಯಲ್ಲಿ. ಎಲ್ಲರೂ ಅಕ್ಕಿಕಾಳು ಹಿಡಿದು ಕಾಯುತ್ತಿದ್ದೆವು. ಇನ್ನೂ ವಾಲಗ ಜೋರಾಗಿರಲಿಲ್ಲ. ಸರ್ ಎದ್ದು ನಿಂತು “ಸಿಕ್ತು!” ಎಂದು ಕೂಗಿದರು. ಅವರ ಸಾಲಿನವರೆಲ್ಲ ಅದೇ ಮುಹೂರ್ತವೆಂದುಕೊಂಡು ಅಕ್ಕಿ ಎರಚಿಬಿಟ್ಟರು. ವರ ಇನ್ನೂ ಬಾಸಿಂಗ ಸರಿಮಾಡಿಕೊಳ್ಳುತ್ತಿದ್ದ.

ವಾಪಸ್ ಬರುವ ಬಸ್ಸು ಬೀಗರಿಂದ, ಅಂದರೆ ಮದುವೆಗೆ ಬಂದ ನೆಂಟರಿಂದ, ತುಂಬಿ ನಾವು ನಿಂತೇ ಬಂದೆವು. ಸರ್ ಮುಖ ಅರಳಿತ್ತು. “ಮದುವಿ ಅಂದ್ರ ಮೋಟರ್ ಅಂತ ತಿಳೀರಿ. ಈ ಬೀಗರು ಬರ್ತಾರ, ಕುಂದರ್ತಾರ, ವಾಪಸ್ ಹೋಕ್ಕಾರ. ಒಂದು ಕೊಡ ನೀರು ಎತ್ತಿ ಇಡಂಗಿಲ್ಲ. ಆದ್ರ ಇವರು ಬರದಿದ್ರ ಮದುವಿ ಆಕ್ಕೇತೇನು?”

“ಇಲ್ರೀ.”

“ಆದ್ರ ಬಸ್ ತುಂಬಿದ್ದು ಯಾರಿಂದ? ದಿನಾ ಕೆಲಸಕ್ಕ ಓಡ್ಯಾಡೋ ನಾವು ನಿಂತೀವಿ. ಲೈನಿನ್ಯಾಗೂ ಹಿಂಗ. ಮೋಟರಿಗೆ ಬರೇ ಬಂದು ಹೋಗೋ ಕರೆಂಟ್ ಬೇಕು, ಅದು ಲೈನ್ ತುಂಬತೈತಿ.”

“ಹಂಗಾರ ಏನ್ ಮಾಡಬೇಕ್ರೀ?”

“ಬೀಗರಿಗೆ ಮದುವಿ ಮನಿ ಮಗ್ಗಲಕ್ಕ ಒಂದು ಮನಿ ಹಿಡದು ಕೊಡಬೇಕು. ಅಲ್ಲಿಂದಲ್ಲೇ ಓಡ್ಯಾಡ್ಲಿ, ಬಸ್ ಖಾಲಿ ಆಕ್ಕೇತಿ. ಅದ ನೋಡ್ರಿ ಕೆಪ್ಯಾಸಿಟರ್!”

“ಆದ್ರ ಬೀಗರು ಉಂಡು ಹೋಗ್ತಾರಲ್ರೀ?” ಎಂದೆ ನಾನು. ಅವರು ಒಂದು ಕ್ಷಣ ತಬ್ಬಿಬ್ಬಾಗಿ, “ಅದು ಲಾಸು. ಅಷ್ಟು ಲಾಸು ಇದ್ದ ಇರ್ತೈತಿ,” ಎಂದರು. ನನಗೆ ತಿಳಿಯಿತೇ ಎಂದು ಕೇಳಿದರು. ನನಗೆ ತಿಳಿದದ್ದು ಬೀಗರ ವಿಷಯ ಮಾತ್ರ, ಕರೆಂಟಿನ ವಿಷಯ ಎಲ್ಲಿ ಬಂತೆಂದು ಗೊತ್ತಾಗಲಿಲ್ಲ. ಹಾಗೆಂದು ಹೇಳಿದೆ. ಊರು ಬರುವವರೆಗೆ ಅವರು ಬೀಗರನ್ನೇ ಎಣಿಸುತ್ತ ನಿಂತರು.

ಬ್ಯಾಡಗಿಯ ಸಾವುಕಾರರು ಅವರನ್ನು ಹುಡುಕಿಕೊಂಡು ಬಂದದ್ದು ಆ ದಿನಗಳಲ್ಲೇ. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನ ಮಾಲೀಕರು, ದೊಡ್ಡ ದೊಡ್ಡ ಮೋಟರುಗಳು. ಪವರ್ ಫ್ಯಾಕ್ಟರ್ ಕಡಿಮೆಯೆಂದು ಬಿಲ್ಲಿನಲ್ಲಿ ದಂಡ ಹಾಕುತ್ತಿದ್ದರಂತೆ. ಸರ್ ಹೋಗಿ, ಕರೆಂಟು ಬಂದು ವಾಪಸ್ ಹೋಗುವುದನ್ನು ವಿವರಿಸಿದರು. ಸಾವುಕಾರರು ಸಿಡಿದೆದ್ದರು. “ವಾಪಸ್ ಹೋದದ್ದಕ್ಕ ದಂಡ ಯಾಕ್ರೀ? ನಮ್ಮ ಅಂಗಡಿಗೆ ಬಂದು, ಕಾಯಿ ಮುರದು, ಮೂಸಿ ನೋಡಿ ಹಂಗ ಹೋದ ಗಿರಾಕೀಗೆ ನಾವು ದಂಡ ಹಾಕ್ತೀವೇನು?” ಬೇರೆಯವರಾದರೆ ಸಿಟ್ಟಾಗುತ್ತಿದ್ದರು. ಸರ್‌ಗೆ ಆನಂದ. ಇಷ್ಟು ವರ್ಷದಲ್ಲಿ ಪವರ್ ಫ್ಯಾಕ್ಟರ್ ಬಗ್ಗೆ ತಿರುಗಿ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಇವರೆಂದು ಬಸ್ಸಿನಲ್ಲಿ ಹೇಳಿ ಹೇಳಿ ಹೊಗಳಿದರು.

ಅಂತೂ ಕೆಪ್ಯಾಸಿಟರ್ ಕೂಡಿಸಿದರು, ದಂಡ ನಿಂತಿತು. ಅಲ್ಲಿಂದ ಸಾವುಕಾರರಿಗೆ ಆ ಡಬ್ಬಿಗಳ ಮೇಲೆ ಭಕ್ತಿ ಹುಟ್ಟಿತು. ದಿನಾ ಊದಿನಕಡ್ಡಿ. ಒಳ್ಳೆಯದು ಇನ್ನಷ್ಟಿದ್ದರೆ ಇನ್ನಷ್ಟು ಒಳ್ಳೆಯದೆಂದು ಸರ್‌ಗೆ ಹೇಳದೆ ಮತ್ತೊಂದು ಸಾಲು ಕೆಪ್ಯಾಸಿಟರ್ ತಂದು ಕೂಡಿಸಿಬಿಟ್ಟರು. “ಇಷ್ಟು ಬ್ಯಾಡ್ರೀ,” ಎಂದರೆ, “ಇರ್ಲಿ ಬಿಡ್ರಿ ಸರ್, ಮುಂದ ಮೋಟರ್ ಹೆಚ್ಚಿಗಿ ಆಗೂವು,” ಎಂದು ನಕ್ಕರು.

ಖಂಡೇನವಮಿಗೆ ನಮ್ಮಿಬ್ಬರಿಗೂ ಕರೆ ಬಂತು. ಅಂದು ಬ್ಯಾಡಗಿಯಲ್ಲಿ ಎಲ್ಲ ಗಿರಣಿಗಳೂ ಬಂದ್, ಯಂತ್ರಗಳಿಗೆಲ್ಲ ಪೂಜೆ. ಕೋಲ್ಡ್ ಸ್ಟೋರೇಜಿನಲ್ಲಿ ಮೋಟರುಗಳನ್ನು ನಿಲ್ಲಿಸಿ, ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿದ್ದರು. ಗೋಡೆ ತುಂಬ ಮಿಣುಕುವ ಲೈಟಿನ ಸರ. ಎಲ್ಲಕ್ಕಿಂತ ದೊಡ್ಡ ಮಾಲೆ ಕೆಪ್ಯಾಸಿಟರಿನ ಪ್ಯಾನಲ್ಲಿಗೆ ಬಿದ್ದಿತ್ತು. ಅದರ ಮೇಲಿನ ಕೆಂಪು, ಹಳದಿ, ನೀಲಿ ದೀಪಗಳು ಉರಿಯುತ್ತಿದ್ದವು. ಸರ್ ಬಾಗಿಲಲ್ಲೇ ನಿಂತರು.

“ಸಾವ್ಕಾರ್ರ, ಇದು ಯಾಕ ಚಾಲೂ ಐತಿ?”

“ನಮ್ಮನ್ನ ಉಳಿಸಿದ್ದ ಇದು. ಹಬ್ಬದ ದಿನ ಇದನ್ನ ಬಂದ್ ಮಾಡೋದೇನ್ರೀ? ನಂದಾದೀಪ ಇದ್ದಂಗ ಇರ್ಲಿ ತಗೋರಿ.”

“ಅಲ್ರೀ, ಮೋಟರ್ ಎಲ್ಲಾ ನಿಂತಾವ...”

“ಮಂಗಳಾರತಿ ಆಗ್ಲಿ ಸರ್, ಆಮ್ಯಾಲೆ ಹೇಳ್ರಿ.”

ಪೂಜೆಗೆ ಬಂದಿದ್ದ ಅಯ್ಯನವರು ಗಂಟೆ ಎತ್ತಿದರು. ಗಂಟೆಯ ಸದ್ದಿಗೆ ತಾಳ ಹಾಕಿದಂತೆ ಲೈಟಿನ ಸರದ ಬಲ್ಬು ಒಂದೊಂದಾಗಿ ಟಪ್ ಟಪ್ ಎಂದು ಒಡೆಯತೊಡಗಿದವು. ಪವಾಡವೆಂದು ಹೆಂಗಸರು ಕೈಮುಗಿದರು. ಆಮೇಲೆ ಟ್ಯೂಬ್‌ಲೈಟು ಢಮ್ಮೆಂದಿತು. ಭಕ್ತಿಗೀತೆ ಹಾಡುತ್ತಿದ್ದ ಪೆಟ್ಟಿಗೆ ಕೀರಲು ದನಿ ತೆಗೆದು ಹೊಗೆ ಉಗುಳಿತು. ಕೈಮುಗಿದವರೆಲ್ಲ ಅದೇ ಕೈಯಿಂದ ಸೆರಗು ಎತ್ತಿಕೊಂಡು ಓಡಿದರು. ನಾನೂ ಓಡಿದೆ. ತಿರುಗಿ ನೋಡಿದರೆ ಸರ್ ಒಬ್ಬರೇ ನಡುವೆ ನಿಂತು, ಹಬ್ಬದ ಹುಡುಗನ ಹಾಗೆ ನಗುತ್ತ, “ಲೀಡಿಂಗ್! ಲೀಡಿಂಗ್!” ಎಂದು ಕೂಗುತ್ತಿದ್ದರು. ಕರೆಂಟು ವೋಲ್ಟೇಜನ್ನು ಹಿಂದೆ ಹಾಕಿ ಮುಂದೆ ಓಡುವುದಕ್ಕೆ ಹಾಗೆನ್ನುತ್ತಾರಂತೆ. ಅಲ್ಲಿಯತನಕ ಅವರು ಅದನ್ನು ಬೋರ್ಡಿನ ಮೇಲೆ ಮಾತ್ರ ಬರೆದಿದ್ದರು, ಕಣ್ಣಾರೆ ಕಂಡಿರಲಿಲ್ಲ.

ಯಾರೋ ಮೇನ್ ಸ್ವಿಚ್ ಎಳೆದರು. ಕಿಟಕಿಯಿಲ್ಲದ ಕಟ್ಟಡ, ಆರತಿಯ ಬೆಳಕೊಂದೇ ಉಳಿಯಿತು. ಸಾವುಕಾರರು ಅಯ್ಯನವರ ಮುಖವನ್ನೇ ನೋಡುತ್ತಿದ್ದರು. “ಪೂಜಾದಾಗ ಏನರ ತಪ್ಪಾತೇನ್ರೀ ಅಯ್ನೋರ?” ಅಯ್ಯನವರಿಗೆ ಸಿಟ್ಟೂ ಭಯವೂ ಒಟ್ಟಿಗೇ ಬಂದವು. ವರ್ಷಕ್ಕೊಮ್ಮೆ ಬರುವ ಹಬ್ಬ, ಊರ ತುಂಬ ಗಿರಣಿಗಳು, ಹೆಸರು ಕೆಟ್ಟರೆ ಗತಿ?

ಸರ್ ಮುಂದೆ ಬಂದರು. “ಪೂಜಾದಾಗ ತಪ್ಪಿಲ್ರೀ. ಮೋಟರ್ ಅಂದ್ರ ಮದುವಿ. ಈ ಡಬ್ಬಿ ಅಂದ್ರ ಬೀಗರು ಇಳಕೊಂಡ ಮನಿ. ನೀವು ಮದುವಿ ನಿಲ್ಲಿಸಿದ್ರಿ, ಬೀಗರನ್ನ ಇಲ್ಲೇ ಬಿಟ್ರಿ. ಮಾಡಾಕ ಉದ್ಯೋಗಿಲ್ಲ, ಬೇಕಾಗಿದ್ದಕ್ಕಿಂತ ಹೆಚ್ಚು ಮಂದಿ ಬ್ಯಾರೆ. ಎಲ್ಲಾರೂ ಸೇರಿ ಲೈನಿಗೆ ನುಗ್ಗಿದ್ರು, ವೋಲ್ಟೇಜ್ ಏರಿತು.”

 ಅಯ್ಯನವರು ಗಂಟೆಯನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು: “ಅಂದ್ರ, ಮೊದಲ ಬೀಗರನ್ನ ಕಳಿಸಿ, ಆಮ್ಯಾಲೆ ಚಪ್ಪರ ಬಿಚ್ಚಬೇಕಾಗಿತ್ತು.”

ಸರ್ ಆರತಿ ತಟ್ಟೆಯನ್ನೂ ಲೆಕ್ಕಿಸದೆ ಅವರನ್ನು ತಬ್ಬಿಕೊಂಡರು. ವಾಪಸ್ ಬರುವಾಗ ಬಸ್ಸಿನಲ್ಲಿ ಕಣ್ಣು ತುಂಬಿಕೊಂಡು, “ಒಬ್ಬರಿಗೆ ತಿಳಿತ್ರೀ ಇಂಗ್ಲಿಷ್ ಸರ್. ಇನ್ನ ನಾ ಆರಾಮಾಗಿ ರಿಟೈರ್ ಆಕ್ಕೇನಿ,” ಎಂದರು. ನನಗೂ ಸಂತೋಷವಾಯಿತು, ನಾಳೆಯಿಂದ ಪೇಪರ್ ಓದಬಹುದಲ್ಲ ಎಂಬ ಸಂತೋಷವೂ ಅದರಲ್ಲಿ ಸೇರಿತ್ತು.

ಮುಂದಿನ ಭಾನುವಾರ ಅವರು ಸೀಮೆಸುಣ್ಣದ ಡಬ್ಬಿ ಹಿಡಿದು ಅಯ್ಯನವರ ಮನೆಗೆ ಹೋದರು, ಉಳಿದದ್ದನ್ನೂ ಕಲಿಸಿಬಿಡೋಣವೆಂದು. ಅಂಗಳದ ಕಡಪಾ ಕಲ್ಲಿನ ಮೇಲೆ ಚಿತ್ರ ಬರೆದು ಸಂಜೆಯವರೆಗೆ ವಿವರಿಸಿದರಂತೆ. ಅಯ್ಯನವರು ಎಲ್ಲ ಶ್ರದ್ಧೆಯಿಂದ ಕೇಳಿ, ಕೊನೆಗೆ, “ಅದೆಲ್ಲಾ ಖರೇ ಸರ್, ಆದ್ರ ಮೋಟರಿಂದು ರಾಶಿ ಯಾವುದು? ಅದು ತಿಳಿದ್ರ ಬೀಗರನ್ನ ಕಳಿಸಾಕ ಚಲೋ ಹೊತ್ತು ನೋಡಬಹುದಲ್ಲ?” ಎಂದರಂತೆ. ಮರುದಿನ ಬಸ್ಸಿನಲ್ಲಿ ಸರ್ ಕೈ ಎತ್ತಲಿಲ್ಲ. ನಾನು ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಏನೂ ರುಚಿಸಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಶಾಲು ಹೊದಿಸಿ ಹಾರ ಹಾಕಿ ಎರಡು ಮಾತು ಹೇಳಿರೆಂದರೆ, ಹಾರ ತೆಗೆದು ಮೇಜಿನ ಮೇಲಿಟ್ಟು ಬೋರ್ಡಿನ ಕಡೆ ತಿರುಗಿದರು. ಪ್ರಿನ್ಸಿಪಾಲರು ಊಟದ ಗಂಟೆ ಹೊಡೆಸಬೇಕಾಯಿತು.

ನಿಜವಾದ ಪೆಟ್ಟು ಬಿದ್ದದ್ದು ಮುಂದಿನ ಖಂಡೇನವಮಿಗೆ. ರಾಣೆಬೆನ್ನೂರಿನ ಹತ್ತಿಯ ಜಿನ್ನಿಂಗ್ ಗಿರಣಿಯೊಂದಕ್ಕೆ ನಾವಿಬ್ಬರೂ ಹೋಗಿದ್ದೆವು. ಪೂಜೆ ಶುರುವಾಗುವ ಮೊದಲು ಮ್ಯಾನೇಜರ್ ಕೆಪ್ಯಾಸಿಟರ್ ಪ್ಯಾನಲ್ಲಿನ ಮುಂದೆ ಎಲೆ ಅಡಿಕೆ, ತೆಂಗಿನಕಾಯಿ, ಹೊಸ ಟಾವೆಲ್ಲು ಇಟ್ಟು, “ಹೋಗಿ ಬರ್ರಿ,” ಎಂದು ಕೈಮುಗಿದು ಸ್ವಿಚ್ ಆರಿಸಿದ. ಆಮೇಲೆ ಮೋಟರ್ ನಿಲ್ಲಿಸಿದ. ಸರ್ ಹೌಹಾರಿ, “ಇದನ್ನ ಮೊದಲ ಯಾಕ ಬಂದ್ ಮಾಡಿದ್ರಿ?” ಎಂದರು.

“ಬೀಗರ್ರೀ ಇವು. ಮೊದಲ ಬೀಗರನ್ನ ಕಳಿಸಬೇಕು. ಬರಿಗೈಲೆ ಕಳಿಸಬಾರದು.”

“ಯಾಕ?”

“ಪದ್ಧತಿ ಐತ್ರೀ. ಬ್ಯಾಡಗಿ ಅಯ್ನೋರು ಎಲ್ಲಾ ಕಡೆ ಹೇಳ್ಯಾರ.”

“ಪದ್ಧತಿ ಅಲ್ರೀ ಅದು!” ಎಂದು ಸರ್ ವಿವರಿಸಲು ಹೊರಟರು. ಮ್ಯಾನೇಜರ್ “ಹೌದ್ರೀ, ಹೌದ್ರೀ,” ಎನ್ನುತ್ತ ಅವರ ಕೈಗೆ ಚುರಮುರಿ ಬೆಲ್ಲದ ಪ್ರಸಾದ ಕೊಟ್ಟು ಮುಂದಿನವರ ಕಡೆ ಹೋದ. ಹೊರಗೆ ಬಂದು ಸರ್ ಕಟ್ಟೆಯ ಮೇಲೆ ಕುಳಿತರು. “ಎಲ್ಲಾರೂ ಸರಿಯಾಗಿ ಮಾಡಾಕತ್ತಾರ್ರೀ,” ಎಂದರು. “ಒಂದು ಬಲ್ಬ್ ಒಡಿಲಿಲ್ಲ. ಒಬ್ಬರಿಗೂ ತಿಳಿದಿಲ್ಲ.” ನಾನು ನಕ್ಕೆ, ಅವರು ನಗಲಿಲ್ಲ. ಅವರಿಗೆ ಬಹಳ ನೋವಾಗಿತ್ತು. ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ.

ಸಂತಾಪ ಸಭೆ ಆಗಿ ಕೆಲವು ತಿಂಗಳಿಗೆ ಮತ್ತೆ ಖಂಡೇನವಮಿ ಬಂತು. ಹಾವೇರಿಯಲ್ಲಿ ಪರಿಚಯದವರ ಎಣ್ಣೆ ಗಿರಣಿಗೆ ಹೋಗಿದ್ದೆ. ಅಲ್ಲಿಯೂ ಎಲೆ ಅಡಿಕೆ, ಟಾವೆಲ್ಲು, “ಹೋಗಿ ಬರ್ರಿ.” ಮಾಲೀಕರ ಹೊಸ ಅಳಿಯ, ಬ್ಯಾಂಕಿನಲ್ಲಿರುವವನು, ಇದನ್ನು ನೋಡಿ ಜೋರಾಗಿ ನಕ್ಕು, “ಏ, ಡಬ್ಬಿಗೆ ಟಾವೆಲ್ ಕೊಡ್ತಾರಲ್ರೀ, ಎಂಥಾ ಮೂಢನಂಬಿಕಿ ಇದು!” ಎಂದ.

ನನಗೆ ಎಲ್ಲಿತ್ತೋ ಸಿಟ್ಟು ಬಂತು. ಅವನನ್ನು ಪ್ಯಾನಲ್ಲಿನ ಮುಂದೆ ನಿಲ್ಲಿಸಿ ಹೇಳತೊಡಗಿದೆ. ಮೋಟರ್ ತಿರುಗಬೇಕಾದರೆ ಅದರೊಳಗೆ ಅಯಸ್ಕಾಂತ ಹುಟ್ಟಬೇಕು. ಅದನ್ನು ಹುಟ್ಟಿಸಲು ಲೈನಿನಿಂದ ಒಂದಿಷ್ಟು ಶಕ್ತಿ ತೆಗೆದುಕೊಳ್ಳುತ್ತದೆ, ಮರುಗಳಿಗೆ ವಾಪಸ್ ಕೊಡುತ್ತದೆ, ಮತ್ತೆ ತೆಗೆದುಕೊಳ್ಳುತ್ತದೆ. ಖರ್ಚಾಗುವುದಿಲ್ಲ, ಆದರೆ ಆ ಓಡಾಟಕ್ಕೆ ತಂತಿ ಸವೆಯದಿದ್ದರೂ ತುಂಬುತ್ತದೆ, ಬಿಸಿಯಾಗುತ್ತದೆ. ಮೋಟರ್ ಕೇಳುವಾಗ ಕೊಡುವುದು, ಕೊಡುವಾಗ ತೆಗೆದುಕೊಳ್ಳುವುದು ಕೆಪ್ಯಾಸಿಟರಿನ ಸ್ವಭಾವ, ಹೀಗಾಗಿ ಇಬ್ಬರೂ ಇಲ್ಲಿಯೇ ತಮ್ಮೊಳಗೆ ಮುಗಿಸಿಕೊಳ್ಳುತ್ತಾರೆ, ದೂರದ ಲೈನಿಗೆ ಭಾರವಿಲ್ಲ. ಮೋಟರ್ ನಿಂತ ಮೇಲೂ ಇದನ್ನು ಬಿಟ್ಟರೆ ತೆಗೆದುಕೊಳ್ಳುವವರಿಲ್ಲದೆ ಅದೆಲ್ಲ ಲೈನಿಗೆ ಹೋಗಿ ವೋಲ್ಟೇಜನ್ನು ಏರಿಸುತ್ತದೆ. ಅದಕ್ಕೇ ಇದನ್ನು ಮೊದಲು ಆರಿಸುವುದು.

“ತಿಳಿತೇನ್ರೀ?” ಎಂದು ಕೇಳಿದೆ. ಅಳಿಯ “ಹೂಂ” ಎಂದು ಮೊಬೈಲ್ ನೋಡಿದ. ಅವನಿಗೆ ತಿಳಿದಿರಲಿಲ್ಲ.

ನನಗೆ ತಿಳಿದಿತ್ತು. ಹೋಲಿಕೆ ಒಂದೂ ಬೇಕಾಗಿರಲಿಲ್ಲ. ಯಾವಾಗ ತಿಳಿಯಿತೋ, ಧೂಳಿನ ಯಾವ ಬೆಳಗಿನಲ್ಲಿ ಒಳಗೆ ಹೋಗಿ ಕುಳಿತಿತ್ತೋ ಗೊತ್ತಿಲ್ಲ. ಕೈಯಲ್ಲಿ ಪ್ರಸಾದ ಹಿಡಿದು ನಿಂತೆ. ಹೇಳಿದ್ದು ಸರಿಯೋ ತಪ್ಪೋ ಎಂದು ಯಾರನ್ನಾದರೂ ಕೇಳಬೇಕೆನಿಸಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಊರು ಸೇರಿದರೂ ಅದನ್ನು ಹೇಳಬಲ್ಲವರು ಈಗ ಒಬ್ಬರೂ ಇಲ್ಲ. ಇದ್ದವರೊಬ್ಬರು, ಅಷ್ಟು ವರ್ಷ ಪಕ್ಕದ ಸೀಟಿನಲ್ಲಿ ಕೂತು ನನಗಾಗಿ ಕಾದು, ಹೋಗಿಬಿಟ್ಟಿದ್ದರು.